ಪಟ್ಟದ ಗೊಂಬೆಯ ಕಾಲಬಳಿ ಒಂದು ಬಿಲ್ಲೆ

ದಿವಾಕರನಿಗೆ ನಾಜಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನೂ ತನ್ನ ಸಂಗ್ರಹದ ಮಾತು ಬಂದಾಗಲೆಲ್ಲ ಎದುರಿಗಿದ್ದವರಿಗೆ ಇದನ್ನೇ ಮೊದಲು ಹೇಳುತ್ತಿದ್ದ. ಹೇಳಿದ ಮೇಲೆ ಅರ್ಧ ಗಂಟೆ ಬಿಡುತ್ತಿರಲಿಲ್ಲ.

ಇಂಗ್ಲೆಂಡಿನ ಡರ್ಬಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಅವನದು ಹದಿನೇಳು ವರ್ಷದ ಕೆಲಸ. ಅದಕ್ಕೂ ಮೊದಲು ಎರಡು ವರ್ಷ ಮ್ಯೂನಿಕ್‌ನಲ್ಲಿದ್ದು ಜರ್ಮನ್ ಕಲಿತಿದ್ದ. ಮೈಸೂರಿನಲ್ಲಿ ಹುಡುಗನಾಗಿದ್ದಾಗ ಅಂಟಿದ ಸ್ಟ್ಯಾಂಪಿನ ಹುಚ್ಚು ಅಲ್ಲಿ ಬಿಲ್ಲೆಗಳಿಗೆ ತಿರುಗಿತು. ಸಾವಿರದ ಒಂಬೈನೂರ ಮೂವತ್ತರ ದಶಕದ ಜರ್ಮನಿಯಲ್ಲಿ ಎಲ್ಲದಕ್ಕೂ ಒಂದೊಂದು ಬಿಲ್ಲೆ. ಜಿಲ್ಲಾ ಸಮಾವೇಶಕ್ಕೆ, ಸುಗ್ಗಿ ಹಬ್ಬಕ್ಕೆ, ಹಾಡುಗಾರರ ಮೇಳಕ್ಕೆ, ಎಲ್ಲಕ್ಕೂ. ಜನ ಅದನ್ನು ಒಂದು ದಿನ ಎದೆಗೆ ಚುಚ್ಚಿಕೊಂಡು ಮೆರೆದು, ಮರುದಿನ ಡಬ್ಬಕ್ಕೆ ಹಾಕುತ್ತಿದ್ದರು. ನಾಜಿ ಸರಕಾರ ಬಡವರ ಹೆಸರಲ್ಲಿ ಚಳಿಗಾಲದ ಚಂದಾ ಎತ್ತುವಾಗ ಕೊಡುತ್ತಿದ್ದಂಥವು ಇನ್ನೂ ಚೆಂದ: ಹೆಬ್ಬೆರಳ ತುದಿಯಷ್ಟು ಪಿಂಗಾಣಿ ಹುಡುಗಿಯರು, ಮರದ ಕುದುರೆಗಳು, ಗಾಜಿನ ಚಿಟ್ಟೆಗಳು. ಜೊತೆಗೆ ಆಯಾ ದಿನದ ಮುದ್ರೆ ಬಿದ್ದ ಪೋಸ್ಟ್‌ಕಾರ್ಡುಗಳು. ಕಾರ್ಡಿನ ಆ ಮಗ್ಗುಲಲ್ಲಿ ಬಾವುಟಗಳ ಸಾಲು, ಈ ಮಗ್ಗುಲಲ್ಲಿ ಯಾರೋ ತಾಯಿಗೆ ಬರೆದ ಕ್ಷೇಮ ಸಮಾಚಾರ. ಆ ಹಳೆಯ ಕೈಬರಹವನ್ನು ಓದಬಲ್ಲ ಕನ್ನಡಿಗ ಇಡೀ ಇಂಗ್ಲೆಂಡಿನಲ್ಲಿ ತಾನೊಬ್ಬನೇ ಎಂಬ ಜಂಬ ಅವನಿಗಿತ್ತು. ಇದ್ದರೂ ಇರಬಹುದು, ಅಲ್ಲಗಳೆಯಲು ಇನ್ನೊಬ್ಬ ಬೇಕಲ್ಲ.

"ಈ ಪೀಡೆಗಳನ್ನ ಯಾಕ್ರೀ ಮನೆ ಒಳಗಿಟ್ಕೊಂಡಿದೀರ?" ಎಂದು ಹೆಂಡತಿ ಚಂದ್ರಿಕಾ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಅವಳು ಜಿಪಿ, ಬಡಾವಣೆಯ ಕ್ಲಿನಿಕ್ಕಿನ ಡಾಕ್ಟರು. ದಿನವೆಲ್ಲ ಹತ್ತು ಹತ್ತು ನಿಮಿಷಕ್ಕೊಬ್ಬರಂತೆ ರೋಗಿಗಳನ್ನು ನೋಡಿ ಬಂದವಳಿಗೆ ಹೆಚ್ಚು ವಾದ ಮಾಡುವ ತಾಳ್ಮೆ ಇರುತ್ತಿರಲಿಲ್ಲ.

"ಇತಿಹಾಸ ಕಣೇ ಅದು," ಎನ್ನುತ್ತಿದ್ದ ಅವನು.

ಆ ವರ್ಷದ ಜೂನ್ ತಿಂಗಳಲ್ಲಿ ಬೀಸ್ಟನ್ನಿನ ಒಂದು ಸಭಾಂಗಣದಲ್ಲಿ ಹಳೆಯ ಯುದ್ಧಸಾಮಾನುಗಳ ಸಂತೆ ನಡೆಯಿತು. ಯಾರದೋ ಮನೆ ಖಾಲಿ ಮಾಡಿಸಿದ ಸರಕಿನಲ್ಲಿ ದಿವಾಕರನಿಗೆ ಒಂದು ತಂಬಾಕಿನ ಡಬ್ಬ ಸಿಕ್ಕಿತು. ಒಳಗೆ ಒಂದು ತಗಡಿನ ಬಿಲ್ಲೆ, ಹದ್ದು, ಓಕ್ ಎಲೆ, ಕೆಳಗೆ ಓರೆಯಾದ ಆ ಚಿಹ್ನೆ. ಅದರಡಿಯಲ್ಲಿ ಮಡಿಕೆ ಬಿದ್ದ ಪೋಸ್ಟ್‌ಕಾರ್ಡು. ಎರಡರ ಮೇಲೂ ಒಂದೇ ಊರು, ಒಂದೇ ದಿನ.  ಬಿಲ್ಲೆಯೂ ಅದನ್ನು ಧರಿಸಿದವರ ಕಾರ್ಡೂ ಜೊತೆಯಾಗಿ ಸಿಗುವುದೆಂದರೆ ಸಂಗ್ರಹಕಾರನ ಪಾಲಿಗೆ ಜನ್ಮಕ್ಕೊಮ್ಮೆ. ಮನೆಗೆ ತಂದು ಮೂರು ವಾರಾಂತ್ಯ ಕೂತು ಓದಿದ. "ಮಗನೇ, ನಿನ್ನ ಕೆಮ್ಮು ಹೇಗಿದೆ? ಇಲ್ಲಿ ಬಿಸಿಲೋ ಬಿಸಿಲು. ಸೂಪು ಚೆನ್ನಾಗಿತ್ತು. ಎದೆಗೆ ಚುಚ್ಚಿಕೊಂಡಿರುವ ಬಿಲ್ಲೆಯನ್ನು ಊರಿಗೆ ಬಂದ ಮೇಲೆ ನಿನಗೇ ಕೊಡುತ್ತೇನೆ." ಅಷ್ಟೇ. ಆ ಮಗನ ಬಿಲ್ಲೆ ಬೀಸ್ಟನ್ನಿನ ತಂಬಾಕಿನ ಡಬ್ಬಕ್ಕೆ ಹೇಗೆ ಬಂತು ಎಂದು ಮಾತ್ರ ದಿವಾಕರ ಯೋಚಿಸಲಿಲ್ಲ.

ಯೋಚಿಸುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಅದನ್ನು ಇನ್ನೊಬ್ಬ ತಾನಾಗಿಯೇ ಹೇಳಿದ. ದಿವಾಕರ ಫೇಸ್‌ಬುಕ್ಕಿನ ಸಂಗ್ರಹಕಾರರ ಗುಂಪಿನಲ್ಲಿ ಜೋಡಿಯ ಫೋಟೊ ಹಾಕಿದ್ದೇ ತಡ, ಕ್ರೇಗ್ ಎಂಬುವನ ಸ್ನೇಹದ ಕೋರಿಕೆ ಬಂತು, ಒಪ್ಪಿಕೊಂಡ ಕೂಡಲೇ ಸಂದೇಶವೂ ಬಂತು. ಅವನು ಛಾವಣಿ ಕಟ್ಟುವ ಕೆಲಸದವನು. ಅದು ತನ್ನ ತಾತನದು ಎಂದು ಬರೆದಿದ್ದ. ತಾತ ಯುದ್ಧದ ಕೊನೆಯ ತಿಂಗಳಲ್ಲಿ, ತಾನೇ ಗುಂಡಿಟ್ಟ ಒಬ್ಬ ಹುಡುಗನ ಜೇಬಿನಿಂದ ತೆಗೆದದ್ದು. ಸಾಯುವವರೆಗೂ ಪ್ರತಿ ನವೆಂಬರ್‌ನಲ್ಲಿ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ, ಆ ಡಬ್ಬ ಬಿಚ್ಚಿಕೊಂಡು ಅಳುತ್ತಿದ್ದ. ಅಜ್ಜಿಯೂ ಸತ್ತ ಮೇಲೆ ಚಿಕ್ಕಪ್ಪ ಯಾರಿಗೂ ಹೇಳದೆ ಮನೆ ಖಾಲಿ ಮಾಡಿಸಿಬಿಟ್ಟ. ದಯವಿಟ್ಟು ಕೊಡು, ನೀನು ಕೊಟ್ಟದ್ದರ ಎರಡರಷ್ಟು ಕೊಡುತ್ತೇನೆ.

"ನಾನು ಮಾರುವವನಲ್ಲ, ಕೂಡಿಡುವವನು," ಎಂದು ದಿವಾಕರ ಉತ್ತರಿಸಿದ. ಕ್ರೇಗ್ ಮತ್ತೆ ಬೇಡಿಕೊಂಡ. ನಾಲ್ಕನೆಯ ಸಲ ದಿವಾಕರನಿಗೆ ರೇಗಿತು. "ನಿಮ್ಮ ತಾತನೂ ಕದ್ದದ್ದೇ ತಾನೆ?" ಎಂದು ಬರೆದು ಕಳಿಸಿದ. ಇಂಥ ಮಾತು ಹೊಳೆದಾಗ ಅವನಿಗೆ ತನ್ನ ಮೇಲೆ ತನಗೇ ಮೆಚ್ಚುಗೆ. ಕ್ರೇಗ್ ಮತ್ತೆ ಬರೆಯಲಿಲ್ಲ. ಆದರೆ ಸ್ನೇಹಿತರ ಪಟ್ಟಿಯಲ್ಲಿ ಉಳಿದುಕೊಂಡ. ಅವನನ್ನು ಅಲ್ಲಿಂದ ತೆಗೆಯುವುದು ದಿವಾಕರನಿಗೆ ನೆನಪಾಗಲೇ ಇಲ್ಲ.

ಸೆಪ್ಟೆಂಬರ್‌ನಲ್ಲಿ ಮೈಸೂರಿನಿಂದ ಅತ್ತೆ ರತ್ನಮ್ಮ ಬಂದರು. ಎಪ್ಪತ್ತನಾಲ್ಕರ ಆಕೆ ವಿಮಾನದಲ್ಲಿ ಉದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದದ್ದು ಪಟ್ಟದ ಗೊಂಬೆಗಳ ಜೋಡಿ. ಚಂದನದ ರಾಜ, ಚಂದನದ ರಾಣಿ, ಮೊಳದುದ್ದ, ಕೈಗೆ ಭಾರ. ತಾಯಿಯಿಂದ ಮಗಳಿಗೆ ಬರುವ ಗೊಂಬೆಗಳು. ಈ ನವರಾತ್ರಿಗೆ ಚಂದ್ರಿಕಾಳ ಮನೆಯಲ್ಲಿ ಕೂರಿಸಿ ಅವಳಿಗೇ ಕೊಟ್ಟು ಹೋಗಬೇಕೆಂದು ಆಕೆಯ ಆಸೆ. ಪುಸ್ತಕದ ಡಬ್ಬಗಳು, ಕಾಫಿ ಟೇಬಲ್ಲು, ಮೇಲೊಂದು ಬಿಳಿ ಪಂಚೆ. ಐದು ಮೆಟ್ಟಿಲು ಎದ್ದವು. ಕೊನೆಯ ಮೆಟ್ಟಿಲಿನ ಮೇಲೆ ಕೂರಿಸಿದ ಗೊಂಬೆಗಳ ಊರಿಗೆ ಮಾತ್ರ ಜನ ಸಾಲಲಿಲ್ಲ. ರತ್ನಮ್ಮ ಮನೆಯೆಲ್ಲ ಹುಡುಕಿ, ಅಳಿಯನ ಕೋಣೆಯ ಕಪಾಟಿನಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ಪುಟಾಣಿ ಪಿಂಗಾಣಿ ಹುಡುಗಿಯರನ್ನೂ ಮರದ ಕುದುರೆಗಳನ್ನೂ ಕಂಡು ಬೆರಗಾದರು. ಡಬ್ಬವನ್ನು ಎತ್ತಿ ಹಿಡಿದು ಬಾಗಿಲಲ್ಲಿ ನಿಂತು, "ದಿವಾಕರ್, ಇದನ್ನ ಗೊಂಬೆಗೆ ಇಟ್ಕೊಳ್ಳಲಾ?" ಎಂದರು. ದಿವಾಕರ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮೀಟಿಂಗಿನಲ್ಲಿದ್ದ. ಪರದೆಯ ಮೇಲಿನ ಮ್ಯಾನೇಜರನಿಗೆ ತಲೆಯಾಡಿಸಿದ.

ಸಂಜೆ ಕೆಳಗಿಳಿದು ಬಂದವನು ಹೌಹಾರಿದ. ಚಂದಾ ಎತ್ತಲು ಮಾಡಿದ ಪಿಂಗಾಣಿ ಹುಡುಗಿಯರು ಚನ್ನಪಟ್ಟಣದ ಎತ್ತಿನಗಾಡಿಯ ಹಿಂದೆ ಸಾಲಾಗಿ ನಿಂತಿದ್ದರು. ಮೇಲೆ, ರಾಜನ ಕಾಲಬಳಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸೇವಂತಿಗೆಯ ನಡುವೆ, ಅದೇ ಕಪಾಟಿನಲ್ಲಿದ್ದ ಆ ಬಿಲ್ಲೆ.

"ಅತ್ತೆ, ಇದು ಇಡೋವಂಥದ್ದಲ್ಲ. ಇದು ಬೇರೇನೇ."

"ಸ್ವಲ್ಪ ವಾಲಿದೆ. ಆದ್ರೂ ಸ್ವಸ್ತಿಕಾನೇ ತಾನೆ? ರಾಜನ ಕಾಲಬಳಿ ಇದ್ರೆ ಒಳ್ಳೇದು," ಎಂದರು ರತ್ನಮ್ಮ. "ಇನ್ನು ವಿಜಯದಶಮಿ ರಾತ್ರಿ ಮಲಗಿಸೋವರೆಗೂ ಯಾವುದನ್ನೂ ಅಲುಗಿಸೋ ಹಾಗಿಲ್ಲ."

ಅವನು ನಕ್ಕುಬಿಟ್ಟ. ಅತ್ತೆಯೊಡನೆ ಇತಿಹಾಸ ಮಾತಾಡಲು ಅವನಿಗೂ ಧೈರ್ಯವಿರಲಿಲ್ಲ. ಬಿಲ್ಲೆಯ ಮೇಲೊಂದು ಸೇವಂತಿಗೆ ಎಳೆದು ಮುಚ್ಚಿದ. ಮರುದಿನ ರತ್ನಮ್ಮ ಹೂ ಬದಲಾಯಿಸಿದರು. ಹದಿನಾರರ ಮಗಳು ಮಾಳವಿಕಾ ಆಮೇಲೆ ಫೋಟೊ ತೆಗೆದು ಚೆಂದದ ಕರೆಯೋಲೆ ಮಾಡಿದಳು: ಗುರುವಾರ ನಾಲ್ಕರಿಂದ ಏಳು, ಎಲ್ಲರಿಗೂ ಸ್ವಾಗತ, ಮನೆ ನಂಬರು, ಪೋಸ್ಟ್‌ಕೋಡ್. ಬಿಲ್ಲೆಯ ಒಂದು ಗೀರನ್ನೂ ಭೂತಗನ್ನಡಿಯಲ್ಲಿ ನೋಡುತ್ತಿದ್ದ ಮನುಷ್ಯ ತನ್ನ ಮನೆಯ ಫೋಟೊವನ್ನು ಕಣ್ಣೆತ್ತಿಯೂ ನೋಡದೆ ಫೇಸ್‌ಬುಕ್ಕಿಗೆ ಹಾಕಿದ. ಎಲ್ಲರಿಗೂ ಕಾಣುವ ಹಾಗೆ.

ಗುರುವಾರ ನಾಲ್ಕೂವರೆ. ಮೊದಲು ಬಂದಿದ್ದ ಮೂವರು ಹೆಂಗಸರು ಅರಿಶಿನ ಕುಂಕುಮ ತೆಗೆದುಕೊಂಡು ಆಗಷ್ಟೇ ಹೋಗಿದ್ದರು. ಚಂದ್ರಿಕಾ ಇನ್ನೂ ಕ್ಲಿನಿಕ್ಕಿನಿಂದ ಬಂದಿರಲಿಲ್ಲ. ಗೊಂಬೆ ನೋಡಲು ಬರುವವರನ್ನು ಕಾಯಿಸಬಾರದೆಂದು ರತ್ನಮ್ಮ ಬಾಗಿಲಿನ ಚಿಲಕ ಹಾಕಿರಲಿಲ್ಲ. ಬಾಗಿಲು ತಳ್ಳಿಕೊಂಡು ಇಬ್ಬರು ಗಂಡಸರು ಒಳಗೆ ಬಂದರು. ಒಬ್ಬ ಅಗಲ ಭುಜದ ಕೆಂಚುಗೂದಲಿನವನು, ಇನ್ನೊಬ್ಬ ಎತ್ತರದ ಬೋಳುತಲೆಯವನು.

"ಕಮ್, ಕಮ್," ಎಂದರು ರತ್ನಮ್ಮ ಸಂಭ್ರಮದಿಂದ. ಬಿಳಿಯರು ಗೊಂಬೆ ನೋಡಲು ಬಂದದ್ದು ಆಕೆಗೆ ಹೆಮ್ಮೆಯೇ. ಚಪ್ಪಲಿ ಬಿಡಿ ಎಂದು ಕೈ ತೋರಿಸಿದ್ದನ್ನು ಅವರು ಗಮನಿಸಲಿಲ್ಲ, ಬೂಟುಕಾಲಲ್ಲೇ ನಡೆದರು. ಹೋಗಲಿ ಪಾಪ, ತಿಳಿಯದು ಎಂದುಕೊಂಡು ಆಕೆ ಕಡಲೆ ಉಸಲಿಯ ಬಟ್ಟಲನ್ನು ಕೆಂಚನ ಕೈಗಿಟ್ಟರು. ಕೊಟ್ಟದ್ದನ್ನು ಅವನು ತೆಗೆದುಕೊಂಡ. ಬಟ್ಟಲು ಹಿಡಿದುಕೊಂಡೇ ಮೆಟ್ಟಿಲುಗಳ ಮುಂದೆ ನಿಂತು ಹುಡುಕಿದ. ರಾಜನ ಕಾಲಬಳಿ ಕಣ್ಣು ನಿಂತಿತು. ಬಟ್ಟಲು ಕೈಜಾರಿ, ಕಾಳು ಕಾರ್ಪೆಟ್ಟಿನ ತುಂಬ ಚೆಲ್ಲಿತು.

ಸದ್ದಿಗೆ ದಿವಾಕರ ಮಹಡಿಯಿಂದ ಇಳಿದು ಬಂದ. ಫೇಸ್‌ಬುಕ್ಕಿನಲ್ಲಿ ಕಂಡಿದ್ದ ಮುಖ, ನೋಡಿದ ಕೂಡಲೇ ಗುರುತಾಯಿತು, ಕ್ರೇಗ್.

"ಹೂವು ಹಾಕಿದ್ದೀರಿ ಅದಕ್ಕೆ," ಎಂದ ಕ್ರೇಗ್. ಅವನ ದನಿ ಜೋರಾಗಿರಲಿಲ್ಲ. "ನನ್ನ ತಾತ ಅದಕ್ಕಾಗಿ ಎಪ್ಪತ್ತು ವರ್ಷ ನಿದ್ದೆಗೆಟ್ಟ. ನೀವು ಅದಕ್ಕೆ ಪೂಜೆ ಮಾಡ್ತೀರಿ. ನಾಜಿ ಬಿಲ್ಲೆಗೆ."

ಅತ್ತೆ ತಿಳಿಯದೆ ಇಟ್ಟರು, ತಪ್ಪಾಯಿತು, ತೆಗೆದುಕೊಂಡು ಹೋಗು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ದಿವಾಕರ ಮಾತ್ರ ಗಂಟಲು ಸರಿಮಾಡಿಕೊಂಡು, "ನೋಡು, ಆ ಚಿಹ್ನೆ ಮೂಲದಲ್ಲಿ ಸಾವಿರಾರು ವರ್ಷ ಹಳೆಯದು," ಎಂದು ಉಪನ್ಯಾಸ ಶುರುಮಾಡಿದ.

ಕ್ರೇಗ್ ಬಿಲ್ಲೆಗೆ ಕೈ ಚಾಚಿದ. ದಿವಾಕರ ಹಾರಿ ಅದನ್ನು ಮೊದಲೇ ಎತ್ತಿಕೊಂಡು ಎಡಗೈ ಮುಷ್ಟಿಯಲ್ಲಿ ಮುಚ್ಚಿದ.

ಮೊದಲ ಗುದ್ದು ಮೂಗಿನ ಮೇಲೆ ಬಿತ್ತು. ಮೂಳೆ ಲಟಕ್ಕೆಂದದ್ದು ಅವನಿಗೇ ಕೇಳಿಸಿತು. ಬಾಯಿಗೆ ಬಿಸಿಯಾಗಿ ಉಪ್ಪುಪ್ಪಾಗಿ ರಕ್ತ ಬಂತು. ಎರಡನೆಯದು ಹೊಟ್ಟೆಗೆ. ಬೋಳುತಲೆಯವನು ಹಿಂದಿನಿಂದ ಬಂದು ಕತ್ತು ಅಮುಕಿದ. ಮೂವರೂ ಒಟ್ಟಿಗೆ ಮೆಟ್ಟಿಲುಗಳ ಮೇಲೆ ಕುಸಿದರು. ಪಂಚೆ ಹರಿಯಿತು, ಡಬ್ಬಗಳು ಉರುಳಿದವು, ದೀಪ ಚೆಲ್ಲಿ ಆರಿತು. ಪಿಂಗಾಣಿ ಹುಡುಗಿಯರು ಬೂಟಿನ ಕೆಳಗೆ ಸಕ್ಕರೆಯ ಹರಳಿನಂತೆ ಪುಡಿಯಾದರು.

"ಕೊಡು," ಎಂದ ಕ್ರೇಗ್. ಕೊಡಲಿಲ್ಲ. ಮುಖಕ್ಕೆ ಮತ್ತೊಂದು ಬಿತ್ತು.

ರತ್ನಮ್ಮನಿಗೆ ಇಂಗ್ಲಿಷ್ ಬಾರದಿದ್ದರೂ ಸಂಗತಿ ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ. ಕ್ರೇಗ್ ಬೆರಳು ತೋರಿಸುತ್ತಿದ್ದುದು ಅಳಿಯನ ಮುಷ್ಟಿಯ ಕಡೆಗೆ. "ಕೊಟ್ಬಿಡಿ ದಿವಾಕರ್! ಅವರದ್ದೇನೋ ಅದು, ಕೊಟ್ಬಿಡಿ!" ಎನ್ನುತ್ತ ಆಕೆ ನಡುವೆ ನುಗ್ಗಿ ಕ್ರೇಗನ ತೋಳು ಹಿಡಿದರು. ಅವನು ನೊಣ ಕೊಡವುವಂತೆ ತೋಳು ಕೊಡವಿದ. ಮುದುಕಿಯೆಂದು ತಿರುಗಿ ನೋಡಿರಲೂ ಇಲ್ಲ. ಆಕೆ ಹಿಂದಕ್ಕೆ ಹೋಗಿ ಬೆಂಕಿಗೂಡಿನ ಕಲ್ಲಂಚಿಗೆ ಸೊಂಟ ಬಡಿದು ಬಿದ್ದರು. "ಅಮ್ಮಾ" ಎಂದ ದನಿ ಎಳೆಯ ಮಗುವಿನದರಂತಿತ್ತು. ಆಮೇಲೆ ಆಕೆ ಏಳಲಿಲ್ಲ.

ಅಡುಗೆಮನೆಯಿಂದ ಮಾಳವಿಕಾ ಫೋನು ಹಿಡಿದು ಓಡಿಬಂದಳು. ಪೊಲೀಸರಿಗೆ ವಿಳಾಸ ಹೇಳುತ್ತಿದ್ದಂತೆಯೇ ಬೋಳುತಲೆಯವನು ಕತ್ತು ಬಿಟ್ಟು ಅವಳ ಕಡೆ ನೆಗೆದು ಫೋನು ಕಿತ್ತು ಗೋಡೆಗೆ ಎಸೆದ. ಅವಳು ಬಿಡಲಿಲ್ಲ, ಅವನ ಕೈ ಕಚ್ಚಿದಳು. ಅವನು ತಿರುಗಿಸಿ ಹೊಡೆದ ಏಟಿಗೆ ಬಾಗಿಲಿನ ಚೌಕಟ್ಟಿಗೆ ಮುಖ ಬಡಿದು ತುಟಿ ಸೀಳಿತು.

"ಡ್ಯಾಡ್!" ಎಂದು ಅರಚಿದಳು. ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಜಸ್ಟ್ ಗಿವ್ ಇಟ್ ಟು ಹಿಮ್! ಪ್ಲೀಸ್!"

ದಿವಾಕರನಿಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಆಮೇಲೆ ಅವನು ಎಷ್ಟು ಸಲ ಹೇಳಿದರೂ ಸುಳ್ಳು. ಮಗಳ ತುಟಿಯೂ ಕಂಡಿತ್ತು, ಅತ್ತೆಯ ಸೆರಗು ಬೆಂಕಿಗೂಡಿನ ಬೂದಿಯಲ್ಲಿ ಬಿದ್ದದ್ದೂ ಕಂಡಿತ್ತು. ಅವನೊಳಗೆ ಆಗ ಇತಿಹಾಸವಿರಲಿಲ್ಲ, ನ್ಯಾಯವಿರಲಿಲ್ಲ, ಮಾನವೂ ಇರಲಿಲ್ಲ. ನನ್ನದು ಎಂಬ ಒಂದೇ ಮಾತು ಇತ್ತು. ಮುಷ್ಟಿ ಇನ್ನಷ್ಟು ಬಿಗಿಯಾಯಿತು.

ಕ್ರೇಗ್ ಅವನ ಎದೆಯ ಮೇಲೆ ಮೊಣಕಾಲೂರಿ ಕೂತು ಎಡಗೈ ಹಿಡಿದುಕೊಂಡ. ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದ. "ಕೊಡು. ಕೊಡು. ಕೊಡು." ಅವನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬೆರಳು ಒಣಕಡ್ಡಿಯಂತೆ ಮುರಿಯಿತು. ದಿವಾಕರ ಊಳಿಟ್ಟ. ಬಲಗೈ ಕಾರ್ಪೆಟ್ಟಿನ ಮೇಲೆ ಪರದಾಡಿ ಏನನ್ನೋ ಹಿಡಿಯಿತು. ಪಟ್ಟದ ರಾಜ.

ಅದನ್ನೆತ್ತಿ ಕ್ರೇಗನ ಕಪಾಲಕ್ಕೆ ಬೀಸಿದ. ಕ್ರೇಗ್ ಪಕ್ಕಕ್ಕೆ ಉರುಳಿದ. ಅಲ್ಲಿಗೆ ಮುಗಿದಿತ್ತು. ಬೋಳುತಲೆಯವನು ಹಿಂದೆ ಹಿಂದೆ ಸರಿದು ಬಾಗಿಲು ಹಿಡಿದು ಓಡಿದ. ದಿವಾಕರ ನಿಲ್ಲಿಸಲಿಲ್ಲ. ಮಂಡಿಯೂರಿ ಎದ್ದು ಮತ್ತೆ ಹೊಡೆದ. ಕೆಳಗೆ ಬಿದ್ದವನ ಕೈ ತಲೆ ಮುಚ್ಚಿಕೊಳ್ಳಲು ಮೇಲೆದ್ದಿತು. ಆ ಕೈಯ ಮೇಲೂ ಹೊಡೆದ. ಕೈ ಕೆಳಗೆ ಬಿದ್ದ ಮೇಲೂ ಹೊಡೆದ. ಚಂದನದ ವಾಸನೆಯೂ ರಕ್ತದ ವಾಸನೆಯೂ ಬೆರೆತು ಕೋಣೆ ತುಂಬಿತು. ಎಷ್ಟೋ ವರ್ಷಗಳ ನಿದ್ದೆಯಿಂದ ಎದ್ದವನಂತೆ ಅವನಿಗೆ ಹಾಯೆನಿಸುತ್ತಿತ್ತು. ಇದು ಹೇಳಲು ನಾಚಿಕೆಯಾಗುವ ಮಾತು, ಆದರೆ ನಿಜ.

"ಸ್ಟಾಪ್ ಇಟ್! ಹೀ ಈಸ್ ನಾಟ್ ಮೂವಿಂಗ್!" ಎಂದು ಮಾಳವಿಕಾ ಅವನ ಅಂಗಿ ಹಿಡಿದು ಎಳೆಯುತ್ತಿದ್ದಳು.

ಚಂದ್ರಿಕಾ ಒಳಗೆ ಬಂದದ್ದು ಆಗ. ಕೈಯಲ್ಲಿ ಬಾಳೆಹಣ್ಣಿನ ಚೀಲವಿತ್ತು. ಅವಳು ಕಿರುಚಲಿಲ್ಲ. ಅಮ್ಮನ ಹತ್ತಿರ ಬಗ್ಗಿ ನಾಡಿ ಹಿಡಿದಳು. "ಅಲುಗಬೇಡ ಅಮ್ಮ, ಹಾಗೇ ಮಲಗಿರು." ಮಗಳ ತುಟಿ ನೋಡಿದಳು. "ಪರವಾಗಿಲ್ಲ ಪುಟ್ಟಿ. ನನ್ನ ಫೋನ್ ತಗೋ, ಆಂಬ್ಯುಲೆನ್ಸ್ ಕರಿ." ಆಮೇಲೆ ಕ್ರೇಗನ ಪಕ್ಕ ಮಂಡಿಯೂರಿ, ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ನೋಡಿದಾಗ ಅವಳ ಮುಖ ಬಿಳಿಚಿತು. ತನ್ನ ರೇಷ್ಮೆ ದುಪ್ಪಟ್ಟಾ ಸುತ್ತಿ ಗಾಯದ ಮೇಲಿಟ್ಟಳು.

"ರೀ, ಬನ್ನಿ ಇಲ್ಲಿ. ಇದನ್ನ ಒತ್ತಿ ಹಿಡೀರಿ. ನಾನು ಉಸಿರು ನೋಡ್ಬೇಕು."

ದಿವಾಕರ ಬಲಗೈಯಿಂದ ಒತ್ತಿದ. ಬೆರಳ ಸಂದಿಯಿಂದ ರಕ್ತ ಉಕ್ಕಿತು.

"ಎರಡೂ ಕೈಲಿ."

ಅವನು ಅಲುಗಲಿಲ್ಲ.

"ಎರಡೂ ಕೈಲಿ ಅಂದೆ ನಾನು!"

ಅವಳು ತಿರುಗಿ ಅವನ ಎಡಗೈ ನೋಡಿದಳು. ಕಿರುಬೆರಳು ಅಡ್ಡಡ್ಡಕ್ಕೆ ತಿರುಗಿತ್ತು, ಮಿಕ್ಕ ಬೆರಳುಗಳು ಮುಚ್ಚಿಯೇ ಇದ್ದವು. ತಾನೇ ತೆರೆಯಲು ಅವನಿಂದ ಆಗುತ್ತಿರಲಿಲ್ಲ, ಬೆರಳು ಮರಗಟ್ಟಿದ್ದವು. ಚಂದ್ರಿಕಾ ಒಂದೊಂದಾಗಿ ಬಿಡಿಸಿದಳು. ಅಂಗೈಯಲ್ಲಿ ಬಿಲ್ಲೆ ಕೂತಿತ್ತು. ಹಿಂದಿನ ಪಿನ್ನು ಪೂರ್ತಿ ಮಾಂಸದೊಳಗೆ ಇಳಿದಿತ್ತು. ಕುಂಕುಮ ಯಾವುದು ರಕ್ತ ಯಾವುದು ತಿಳಿಯುತ್ತಿರಲಿಲ್ಲ.

"ಇದನ್ನ ಕೇಳ್ಕೊಂಡು ಬಂದಿದ್ನಾ ಅವನು?"

ಅವನು ಹೂಂ ಎಂದ.

"ಅಮ್ಮ ಬಿದ್ದಾಗಲೂ ಕೈಯಲ್ಲೇ ಇತ್ತಾ? ಇವಳಿಗೆ ಹೊಡೆದಾಗಲೂ?"

ಅವನು ತಲೆ ತಗ್ಗಿಸಿದ. ಅವಳು ಬಿಲ್ಲೆಯನ್ನು ಹಿಡಿದು ಒಮ್ಮೆಗೇ ಕಿತ್ತು ತೆಗೆದಳು. ಅಪರಿಚಿತ ರೋಗಿಗಾದರೂ ಇನ್ನಷ್ಟು ಮೃದುವಾಗಿ ಕೀಳುತ್ತಿದ್ದಳೇನೋ. ಅದನ್ನು ಕ್ರೇಗನ ಅಂಗಿಯ ಜೇಬಿಗೆ ತುರುಕಿದಳು. "ಈಗ ಒತ್ತಿ," ಎಂದಳು. ಅವನು ಎರಡೂ ಕೈಯಲ್ಲಿ ಒತ್ತಿದ. ಆಂಬ್ಯುಲೆನ್ಸ್ ಬರುವವರೆಗೂ ಅವಳು ಮತ್ತೆ ಅವನ ಕಡೆ ನೋಡಲಿಲ್ಲ.

ರತ್ನಮ್ಮನ ಸೊಂಟದ ಮೂಳೆ ಮುರಿದಿತ್ತು. ವಿಜಯದಶಮಿಯ ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಆಕೆ ಮಗಳನ್ನು ಕೇಳಿದರು, "ಗೊಂಬೆ ಮಲಗಿಸಿದೆಯಾ?" ರಾಣಿಯೊಬ್ಬಳನ್ನೇ ಮಲಗಿಸಿದ್ದೆಂದು ಚಂದ್ರಿಕಾ ಹೇಳಲಿಲ್ಲ, ಹೂಂ ಎಂದಳು. ರಾಜ ಪೊಲೀಸರ ಬಳಿ ಚೀಟಿ ಅಂಟಿಸಿಕೊಂಡು ಪ್ಲಾಸ್ಟಿಕ್ಕಿನ ಚೀಲದಲ್ಲಿದ್ದ.

ಮೂರನೆಯ ದಿನ ಬೆಳಗ್ಗೆ ಕ್ರೇಗ್ ಸತ್ತ. ಅದೇ ಮಧ್ಯಾಹ್ನ ಪೊಲೀಸರು ದಿವಾಕರನನ್ನು ಮತ್ತೆ ಕೂರಿಸಿಕೊಂಡು ಕೇಳಿದರು. ಎದುರಿಗೆ ಕೂತ ಡಿಟೆಕ್ಟಿವ್ ವಯಸ್ಸಾದ ಹೆಂಗಸು, ನಿಧಾನ ಮಾತಿನವಳು. ಮೊದಲು ಮಾಳವಿಕಾ ಕೊಟ್ಟ ಹೇಳಿಕೆಯನ್ನು ಓದಿದಳು. ಅವನು ಬಿದ್ದ ಮೇಲೂ ಅಪ್ಪ ಹೊಡೆದರು. ನಾನು ಎಳೆದೆ, ನಿಲ್ಲಿಸಲಿಲ್ಲ. ಕೊಟ್ಟುಬಿಡಿ ಎಂದು ಅದಕ್ಕೆ ಮುಂಚೆಯೇ ಕೇಳಿಕೊಂಡಿದ್ದೆ. ಮಗಳು ಒಂದು ಅಕ್ಷರವನ್ನೂ ಹೆಚ್ಚುಕಮ್ಮಿ ಮಾಡಿರಲಿಲ್ಲ. ಪಕ್ಕದಲ್ಲಿದ್ದ ವಕೀಲ, ಉತ್ತರಿಸಬೇಕಾಗಿಲ್ಲ ಎಂದು ಪಿಸುಗುಟ್ಟಿದ.

ಡಿಟೆಕ್ಟಿವ್ ಒಂದು ಸಣ್ಣ ಚೀಲವನ್ನು ಮೇಜಿನ ಮೇಲಿಟ್ಟಳು. ಒಳಗೆ ಬಿಲ್ಲೆ. ಹದ್ದಿನ ರೆಕ್ಕೆಯ ಸಂದಿಯಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿತ್ತು.

"ಸತ್ತವನ ಜೇಬಿನಲ್ಲಿ ಸಿಕ್ಕಿತು," ಎಂದಳು. "ಇದು ಯಾರದು?"

ಸತ್ತವನ ಜೇಬಿನ ಮಾತನ್ನು ದಿವಾಕರ ಮೊದಲೇ ಓದಿದ್ದ, ಕ್ರೇಗನ ಸಂದೇಶದಲ್ಲಿ. ಒಬ್ಬ ತಾತ ತಾನು ಕೊಂದ ಹುಡುಗನ ಜೇಬಿನಿಂದ ತೆಗೆದದ್ದು. ಮುರಿದ ಬೆರಳಿನ ಪಟ್ಟಿಯನ್ನು ನೋಡಿಕೊಂಡ.

"ಅವನದು," ಎಂದ.

ಅವಳು ಬರೆದುಕೊಂಡಳು. ಕೊಡೋಣವೆಂದರೆ ಈಗ ಅವನೇ ಇರಲಿಲ್ಲ.